ಚಾಲು ಅಂದವಳು ನಾನೇ

ಫೋನು ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈಯೆಲ್ಲ ಹಿಟ್ಟು. ಕಿರುಬೆರಳಿನಿಂದ ಒತ್ತಿ ಸ್ಪೀಕರಿಗೆ ಹಾಕಿದೆ. ತಾಂಡೂರಿನ ಸೆಮಿನರಿಯಿಂದ ಫಾದರ್ ಶೌರಯ್ಯ ಮಾತಾಡುತ್ತಿದ್ದರು. ನನ್ನ ಮಗ ರಾಜರತ್ನ ಅಲ್ಲಿ ಪಾದ್ರಿಯಾಗಲು ಓದುತ್ತಿದ್ದಾನೆ, ಇದು ನಾಲ್ಕನೆಯ ವರ್ಷ. ಶೌರಯ್ಯನವರು ಅಲ್ಲಿಯ ಮುಖ್ಯಸ್ಥರು. ಗುಂಟೂರಿನ ಕಡೆಯವರು, ಈ ವರ್ಷವಷ್ಟೇ ಬಂದವರು. ಅವರ ತೆಲುಗು ಘಾಟಿಯಿಳಿಯುವ ಲಾರಿಯಂತೆ, ಎಲ್ಲೂ ನಿಲ್ಲುವುದಿಲ್ಲ.

"ಅಮ್ಮಾ, ಹುಡುಗನನ್ನು ಮುಂದಿನ ಓದಿಗೆ ದೊಡ್ಡ ಸೆಮಿನರಿಗೆ ಕಳಿಸುವ ಹೊತ್ತು ಬಂತು. ಕಳಿಸೋಣವೇ, ಇಲ್ಲಿಗೇ ನಿಲ್ಲಿಸೋಣವೇ? ನಿಮ್ಮ ಮನಸ್ಸಿನಲ್ಲಿ ಏನಿದೆ?" ಅಂದರು.

ನಾನು ಬೀದರ್ ಕಡೆಯ ಹಳ್ಳಿಯವಳು. ಮದುವೆಯಾಗಿ ತೆಲಂಗಾಣದ ಕೊಹೀರಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ತೆಲುಗು ಅರ್ಥವಾಗುತ್ತದೆ, ಸಂತೆಯಲ್ಲಿ ಮಾತಾಡುತ್ತೇನೆ ಕೂಡ. ಆದರೆ ಗಾಬರಿಯಾದರೆ ಬಾಯಿಗೆ ಬರುವುದು ಮನೆಯ ಮಾತೇ. ಮನೆಯ ಮುಂಭಾಗದಲ್ಲೇ ನನ್ನ ಗಂಡ ಮೈಲಾರಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾನೆ. ಆ ಹೊತ್ತಿಗೆ ಯಾರಿಗೋ, "ಬಟನ್ ಒತ್ತೋ, ಚಾಲೂ ಮಾಡು, ಚಾಲೂ ಮಾಡು!" ಎಂದು ಕೂಗುತ್ತಿದ್ದ.

ನಾನೂ ಅದನ್ನೇ ಅಂದೆ. "ಚಾಲು ಫಾದರ್. ಚಾಲು ಚಾಲು."

ಆ ಕಡೆಯಿಂದ ಅವರು "ಸರೇನಮ್ಮಾ" ಎಂದು ಮೆಲ್ಲಗೆ ಹೇಳಿ ಫೋನು ಇಟ್ಟರು. ಹಂಚಿನ ಮೇಲಿನ ರೊಟ್ಟಿ ಸೀದಿತ್ತು.

ನಾಲ್ಕು ದಿನ ಬಿಟ್ಟು ರಾಜರತ್ನನ ಫೋನು ಬಂತು. ಅಲ್ಲಿಯ ಹುಡುಗರಿಗೆ ಮನೆಗೆ ಮಾತಾಡಲು ಭಾನುವಾರ ಹದಿನೈದು ನಿಮಿಷ ಮಾತ್ರ ಕೊಡುತ್ತಾರೆ. ಅಂದು ಬುಧವಾರ.

"ಅವ್ವಾ, ನನಗ ಮನಿಗಿ ಹೋಗು ಅಂದಾರ."

"ರಜಾ ಕೊಟ್ಟಾರೇನೋ?"

"ರಜಾ ಅಲ್ಲ. ಒಂದು ವರ್ಷ ಮನ್ಯಾಗ ಇರು, ಆಮ್ಯಾಲ ನೋಡಾಮು ಅಂದಾರ. ಬ್ಯಾಗ್ ಕಟ್ಟೀನಿ. ಯಾರರ ಬಂದು ಸಹಿ ಮಾಡಿ ಕರ್ಕೊಂಡು ಹೋಗಬೇಕಂತ."

"ಯಾಕ? ಏನ್ ಮಾಡ್ದಿ?"

"ನಾ ಏನೂ ಮಾಡಿಲ್ಲವ್ವ. ನೀನೇ…" ಎಂದು ತಡೆದ. "ಇರ್ಲಿ ಬಿಡು. ನೀ ಬಾ."

ಮೈಲಾರಿ ಕೈಯ ಗ್ರೀಸು ಒರೆಸಿಕೊಳ್ಳುತ್ತ, "ಮೊಬೈಲ್ ಮುಚ್ಚಿಟ್ಟು ಸಿಕ್ಕೊಂಡಿರ್ತಾನ, ನಿನ್ನ ಮಗ" ಅಂದ. ತಪ್ಪು ಮಾಡಿದಾಗಲೆಲ್ಲ ಅವನು ನನ್ನ ಮಗ. ರಾಯಿಕೋಡಿನಿಂದ ಸುಟ್ಟುಹೋದ ಮೂರು ಮೋಟಾರು ಬಂದು ಬಿದ್ದಿದ್ದವು, ಆದ್ದರಿಂದ ನಾನೊಬ್ಬಳೇ ಹೋಗಬೇಕಾಯಿತು.

ಪಕ್ಕದ ಮನೆಯ ಸುಗಲಾಬಾಯಿ ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಲಿಂಗಾಯತರ ಮನೆಯವಳು, ನನಗಿಂತ ಹತ್ತು ವರ್ಷ ದೊಡ್ಡವಳು. ಸೆಮಿನರಿಗೆ ಅವಳು ಮಠ ಅಂತಲೇ ಅನ್ನುವುದು.

"ತಂಗಿ, ನಿಮ್ಮ ಮಠದಾಗ ಪಾಸು ಫೇಲು ಇರ್ತದೇನು?"

"ನಂಗೇನು ಗೊತ್ತಕ್ಕ? ನಾ ಒಳಗ ಒಮ್ಮೆನೂ ಹೋಗಿಲ್ಲ. ಗೇಟಿನ ಹತ್ರನೇ ಬಿಟ್ಟು ಬಂದೀನಿ."

"ಹಂಗಾದ್ರ ಈಗ ಒಳಗ ಹೊಕ್ಕು ನೋಡ್ಕೊಂಡು ಬಾ. ಅಷ್ಟು ಹುಡುಗ್ರು ಹೆಣ್ಮಕ್ಕಳಿಲ್ಲದ ಮನ್ಯಾಗ ಹ್ಯಾಂಗ ಇರ್ತಾರ, ನನಗೂ ಹೇಳು." ಎಂದು ರೊಟ್ಟಿಗೆಂದು ಒಂದು ಡಬ್ಬಿ ಖಾರದ ಶೇಂಗಾ ಹಿಂಡಿ ಕೈಯಲ್ಲಿಟ್ಟಳು.

ಇದನ್ನೂ ಹೇಳಿಬಿಡಬೇಕು. ಅಂದು ಸಂಜೆ ಮೇಲಿನ ಹಲಗೆಯಿಂದ ಮಗನ ಊಟದ ತಾಟು ಇಳಿಸಿ ತೊಳೆದಿಟ್ಟೆ. ತೊಳೆಯುವಾಗ ನನಗೆ ದುಃಖ ಇರಲಿಲ್ಲ. ಏನಿತ್ತೋ ಅದಕ್ಕೆ ಹೆಸರು ಕೊಡಲು ನಾಚಿಕೆಯಾಗುತ್ತದೆ. ರಾಜರತ್ನ ಹೊಟ್ಟೆಯಲ್ಲಿದ್ದಾಗ, ಮಗು ಉಳಿದರೆ ದೇವರ ಸೇವೆಗೆ ಬಿಡುತ್ತೇನೆಂದು ಹರಕೆ ಹೊತ್ತವಳು ನಾನೇ. ಅವನ ಪ್ರತಿ ಹುಟ್ಟಿದ ದಿನಕ್ಕೂ ಆ ಕತೆಯನ್ನು ಅವನಿಗೆ ಹೇಳಿದವಳೂ ನಾನೇ.

ಮರುದಿನ ರೊಟ್ಟಿ, ಹಿಂಡಿ ಚೀಲಕ್ಕೆ ಹಾಕಿಕೊಂಡು, ಆಧಾರ್ ತೋರಿಸಿ, ಹೆಂಗಸರ ಪುಕ್ಕಟೆ ಜೀರೋ ಟಿಕೆಟ್ಟು ಹರಿಸಿಕೊಂಡು, ಎರಡು ಬಸ್ಸು ಬದಲಿಸಿ ತಾಂಡೂರಿಗೆ ಹೋದೆ. ಊರಿನಾಚೆ ತೊಗರಿ ಹೊಲಗಳ ನಡುವೆ ಸೆಮಿನರಿ. ಅಂಗಳಕ್ಕೆಲ್ಲ ತಾಂಡೂರಿನ ನೀಲಿ ಕಲ್ಲು ಹಾಸಿದ್ದಾರೆ, ಎಷ್ಟು ಚೊಕ್ಕ ಎಂದರೆ ನಾನು ಚಪ್ಪಲಿ ಕೈಗೆ ತೆಗೆದುಕೊಂಡೆ.

ಎದುರಿಗೆ ಬಂದವನು ನರೇಶ, ನಾರಾಯಣಖೇಡದ ಹುಡುಗ, ಮಗನ ಜೊತೆಯವನು. ರಜೆಯಲ್ಲಿ ಒಮ್ಮೆ ನಮ್ಮ ಮನೆಗೆ ಬಂದು ಹನ್ನೊಂದು ರೊಟ್ಟಿ ತಿಂದಿದ್ದ.

"ರತ್ನ ತರಕಾರಿ ಮಡಿಗಿ ನೀರು ಬಿಡಾಕ ಹೋಗ್ಯಾನ ಆಂಟಿ. ಬ್ಯಾಗ್ ಕಟ್ಟಿದ್ರೂ ಸರದಿ ಬಿಟ್ಟಿಲ್ಲ."

"ಖರೇ ಹೇಳೋ, ಅವ ಏನ್ ಮಾಡ್ಯಾನ?"

"ಅವನಾ? ಅವ ನಿದ್ದಿಯೊಳಗೂ ರೂಲ್ ಮುರಿಯಂಗಿಲ್ಲ. ನಾವು ಅವನಿಗಿ ಟೈಮ್‌ಟೇಬಲ್ ಅಂತೀವಿ. ಯಾಕ ಕಳಿಸಾಕತ್ತಾರಂತ ನಮಗೂ ತಿಳಿದಿಲ್ಲ."

ಫಾದರ್ ಪಾಠದಲ್ಲಿದ್ದರು. ಕಾಯುವ ಹೊತ್ತಿನಲ್ಲಿ ನಾನು ಕಣ್ಣು ಬಿಟ್ಟುಕೊಂಡು ಎಲ್ಲ ನೋಡಿದೆ. ಗೋಡೆಯ ಹಲಗೆಯ ಮೇಲೆ ಕೆಲಸದ ಸರದಿ ಬರೆದಿತ್ತು. ನನಗೆ ತೆಲುಗು ಅಕ್ಷರ ಬರುವುದಿಲ್ಲ, ನರೇಶನೇ ಓದಿ ಹೇಳಿದ: ಗುಡಿ ಗುಡಿಸುವವರು, ಎಮ್ಮೆ ನೋಡುವವರು, ತಟ್ಟೆ ತೊಳೆಯುವವರು, ಬೆಳಿಗ್ಗೆ ಐದಕ್ಕೆ ಎದ್ದು ಎಲ್ಲರನ್ನೂ ಎಬ್ಬಿಸುವವರು. ಹಿತ್ತಲಲ್ಲಿ ಹಗ್ಗದ ತುಂಬ ಬಟ್ಟೆ. ಎಲ್ಲವೂ ಒಂದೇ ತರಹದ ಬಿಳಿ ಬಟ್ಟೆ, ಮೂಲೆಯಲ್ಲಿ ಕೆಂಪು ದಾರದಲ್ಲಿ ನಂಬರು. ಇಪ್ಪತ್ಮೂರು ನನ್ನ ಮಗನದು. ಹೊಲಿಗೆ ಸೊಟ್ಟಗಿತ್ತು, ಆದರೂ ಗಟ್ಟಿ. ಮನೆಯಲ್ಲಿ ಸೂಜಿ ಮುಟ್ಟಿದವನಲ್ಲ. ಆ ಟವೆಲನ್ನು ಹಿಡಿದು ನೋಡುತ್ತಲೇ ನಿಂತೆ.

ಅಷ್ಟರಲ್ಲಿ ಗಂಟೆ ಹೊಡೆಯಿತು. ಊಟದ ಹೊತ್ತು.

ಊಟದ ಮನೆಯಲ್ಲಿ ನನ್ನನ್ನು ಫಾದರ್ ಶೌರಯ್ಯನವರ ಮೇಜಿಗೇ, ಅವರ ಪಕ್ಕದಲ್ಲಿ ಕೂಡಿಸಿದರು. ಬಿಳಿ ಗಡ್ಡ, ದಪ್ಪ ಕನ್ನಡಕ, ನಗುವ ಮುಖ. ನಾನು ಬಾಯಿ ತೆರೆದೆ. ಅವರು ತುಟಿಯ ಮೇಲೆ ಬೆರಳಿಟ್ಟರು. ಅಲ್ಲಿ ಊಟದ ಅರ್ಧ ಹೊತ್ತು ಮೌನ. ಒಬ್ಬ ಹುಡುಗ ಎತ್ತರದ ಜಾಗದಲ್ಲಿ ನಿಂತು ಸಂತರೊಬ್ಬರ ಜೀವನ ಓದುತ್ತಾನೆ, ಉಳಿದವರು ಕೇಳುತ್ತ ಉಣ್ಣುತ್ತಾರೆ. ಫಾದರ್ ಗಂಟೆ ಬಾರಿಸಿದ ಮೇಲೆಯೇ ಮಾತು. ಬಡಿಸುವವನಿಗೆ ಬೇಕು ಬೇಡ ಅಂದರೆ ಮಾತ್ರ ತಪ್ಪಿಲ್ಲ.

ನಾನು ತಂದ ರೊಟ್ಟಿ ಹರಿದು ಎಲ್ಲರ ತಟ್ಟೆಗೂ ಹೋಯಿತು. ಮನೆಯಿಂದ ಬಂದದ್ದು ಎಲ್ಲರದು, ಅದು ಅಲ್ಲಿಯ ಪದ್ಧತಿ. ದೂರದ ಸಾಲಿನಲ್ಲಿ ಕೂತಿದ್ದ ನನ್ನ ಮಗನಿಗೆ ಬಂದದ್ದು ಅಂಗೈಯಷ್ಟು ಚೂರು. ಅದನ್ನು ಪಕ್ಕದವನಿಗೂ ಮುರಿದು ಕೊಟ್ಟ. ನನ್ನತ್ತ ನೋಡಲಿಲ್ಲ.

ಬಡಿಸುವ ಹುಡುಗ ಫಾದರ್ ತಟ್ಟೆಗೆ ಅನ್ನ ಹಾಕುತ್ತಿದ್ದ. ಒಂದು ಸೌಟು, ಎರಡು ಸೌಟು. ಮೂರನೆಯದಕ್ಕೆ ಅವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಮೆಲ್ಲಗೆ ಅಂದರು: "ಚಾಲು. ಚಾಲು ಚಾಲು."

ಹುಡುಗ ಸೌಟು ಹಿಂದಕ್ಕೆ ತೆಗೆದ.

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ತೆಲುಗಿನಲ್ಲಿ ಚಾಲು ಅಂದರೆ ಸಾಕು. ನನಗೆ ಗೊತ್ತಿಲ್ಲದ ಮಾತೇನಲ್ಲ, ಬದನೆಕಾಯಿ ಮಾರುವವಳಿಗೆ ನಾನೇ ವಾರಕ್ಕೊಮ್ಮೆ ಅನ್ನುತ್ತೇನೆ. ಆದರೆ ಆ ಚಾಲು ನನ್ನ ತಲೆಯಲ್ಲಿ ಒಂದು ಡಬ್ಬಿಯಲ್ಲಿತ್ತು, ನಡೆಯಲಿ ಅನ್ನುವ ನಮ್ಮ ಮನೆಯ ಚಾಲು ಇನ್ನೊಂದು ಡಬ್ಬಿಯಲ್ಲಿ. ಎರಡರ ಮುಚ್ಚಳವನ್ನು ಒಟ್ಟಿಗೆ ತೆಗೆದು ನೋಡಿರಲೇ ಇಲ್ಲ. ಮಗನನ್ನು ಮುಂದೆ ಕಳಿಸೋಣವೇ ಎಂದು ಕೇಳಿದವರಿಗೆ ನಾನು ಸಾಕು, ಸಾಕು ಸಾಕು ಅಂದಿದ್ದೆ.

ಹೇಳಬೇಕು, ಆದರೆ ಮೌನ. ಎತ್ತರದಲ್ಲಿ ನಿಂತ ಹುಡುಗ ನಿಧಾನವಾಗಿ ಓದುತ್ತಲೇ ಇದ್ದ. ಅವನ ಪುಸ್ತಕದ ಸಂತರು ಇನ್ನೂ ಹಡಗನ್ನೇ ಹತ್ತಿರಲಿಲ್ಲ. ನನ್ನ ಕಣ್ಣಲ್ಲಿ ನೀರು, ಹೊಟ್ಟೆಯಲ್ಲಿ ನಗು. ಸೆರಗು ಬಾಯಿಗೆ ಒತ್ತಿಕೊಂಡೆ. ಹಿಂಡಿಯ ಖಾರ ಹತ್ತಿತೆಂದುಕೊಂಡು ಫಾದರ್ ನನ್ನ ಕಡೆಗೆ ಮಜ್ಜಿಗೆ ಸರಿಸಿದರು.

ಕಡೆಗೂ ಗಂಟೆ ಬಾರಿಸಿದರು. ಊಟದ ಮನೆ ಒಮ್ಮೆಗೇ ಬಸ್‌ಸ್ಟ್ಯಾಂಡಿನಂತಾಯಿತು.

"ಫಾದರ್! ನಾ ಫೋನಿನ್ಯಾಗ ಅಂದ ಚಾಲು, ಈಗ ನೀವು ಅಂದ್ರಲ್ಲ ಆ ಚಾಲು ಅಲ್ಲ್ರಿ!"

ಅವರು ನನ್ನ ಮುಖವನ್ನೂ ತಟ್ಟೆಯನ್ನೂ ನೋಡಿದರು. ಏನೂ ತಿಳಿಯಲಿಲ್ಲ. ನರೇಶ ಓಡಿಬಂದು ತೆಲುಗಿನಲ್ಲಿ ಬಿಡಿಸಿ ಹೇಳಿದ: "ನಮ್ಮ ಕಡೆ ಚಾಲು ಅಂದರೆ ನಡೆಯಲಿ ಅಂತ ಫಾದರ್. ಮೋಟಾರು ಚಾಲು, ಶಾಲೆ ಚಾಲು. ಆಂಟಿ ಅಂದದ್ದು ರತ್ನ ಮುಂದೆ ಓದಲಿ ಅಂತ."

ಫಾದರ್ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡರು.

"ಹೈದರಾಬಾದಿನಲ್ಲಿ ಚಾಲು ಅಂದರೆ ಬೆರಕಿ, ಕಿಲಾಡಿ ಮನುಷ್ಯ ಅಂತ ಫಾದರ್. ಆಂಟಿ ನಿಮಗೆ ಬೈಯಲಿಲ್ಲ, ಪುಣ್ಯ" ಎಂದು ನರೇಶ ಸೇರಿಸಿದ. ಎಲ್ಲರಿಗಿಂತ ಜೋರಾಗಿ ನಕ್ಕವರು ಫಾದರೇ.

ಮಗ ಮಾತ್ರ ನಗಲಿಲ್ಲ. ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದ.

ಊಟದ ನಂತರ ಫಾದರ್ ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆದರು. ನಾನು, ಇನ್ನೇನು, ತಪ್ಪು ತಿಳಿಯಿತು, ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಅವರು ಖಾನೆಯಿಂದ ಒಂದು ಕಾಗದ ತೆಗೆದರು.

"ಅಮ್ಮಾ, ಮುಂದಿನ ಹಂತಕ್ಕೆ ಹೋಗುವ ಪ್ರತಿಯೊಬ್ಬನೂ ತನ್ನ ಕೈಯಾರೆ ಒಂದು ಪತ್ರ ಬರೆದು ಕೇಳಿಕೊಳ್ಳಬೇಕು. ಇದು ನಿಮ್ಮ ಮಗನದು. ಮೂರೇ ಸಾಲು." ಅದನ್ನು ಓದಿದರು: ನನ್ನನ್ನು ಪಾದ್ರಿಯಾಗಿ ನೋಡಬೇಕೆಂಬುದು ನನ್ನ ತಾಯಿಯ ಹರಕೆ. ತಂದೆಗೂ ಅದೇ ಇಷ್ಟ. ಆದ್ದರಿಂದ ನನ್ನನ್ನು ಮುಂದೆ ಕಳಿಸಬೇಕೆಂದು ಬೇಡಿಕೊಳ್ಳುತ್ತೇನೆ.

"ಹುಡುಗನ ಪತ್ರದಲ್ಲಿ ಹುಡುಗನೇ ಇಲ್ಲ. ಅದಕ್ಕೇ ನಿಮಗೆ ಫೋನು ಮಾಡಿದೆ. ನೀವು ಸಾಕು ಅಂದಿರೆಂದು ತಿಳಿದೆ. ತಾಯಿಯೇ ಸಾಕು ಅಂದಮೇಲೆ ಈ ಕಾಗದದಲ್ಲಿ ಉಳಿದದ್ದೇನು? ಇವನಿಗೆ ಹೇಳಿದೆ, ಬ್ಯಾಗು ಕಟ್ಟಿಬಿಟ್ಟ. ಒಂದು ಮಾತು ಕೇಳಲಿಲ್ಲ."

ನಾನು ಮಗನ ಕಡೆ ತಿರುಗಿದೆ. "ಯಾಕೋ ರತ್ನ? ನನಗರ ಕೇಳಬಾರದಾ?"

"ಇಲ್ಲಿ ಗಂಟಿ ಬಾರಿಸಿದ್ರ ಅರ್ಧ ಬರದ ಅಕ್ಷರನೂ ಅಲ್ಲೇ ಬಿಡಬೇಕವ್ವ. ಇದೂ ಒಂದು ಗಂಟಿ ಅಂದ್ಕೊಂಡೆ. ನೀ ಬ್ಯಾಡ ಅಂದಿ ಅಂದ್ರ ಬ್ಯಾಡ."

ನಾನದನ್ನು ತೆಲುಗಿಗೆ ತಿರುಗಿಸಿ ಹೇಳಿದೆ. ಫಾದರ್ ಕನ್ನಡಕ ತೆಗೆದು ಒರೆಸಿದರು.

"ತಾಯಿ ಬೇಕು ಅಂದರೆ ಬರುವುದು, ಬೇಡ ಅಂದರೆ ಹೋಗುವುದು. ಹಾಗೆ ಬಂದವನು ನಾಳೆ ಜನರ ಕಷ್ಟ ಹೇಗೆ ಕೇಳುತ್ತಾನೆ? ಮೂರೂವರೆಯವರೆಗೆ ಹೊತ್ತಿದೆ ರಾಜರತ್ನ. ಹೊಸ ಪತ್ರ ಬರೆ. ಅದರಲ್ಲಿ ಅಮ್ಮ ಇರಬಾರದು. ಬರೆಯಲಾಗದಿದ್ದರೆ ಅಮ್ಮನ ಜೊತೆ ಊರಿಗೆ ಹೋಗು. ಅದರಲ್ಲೂ ಅವಮಾನವಿಲ್ಲ."

ಅವನು ಓದುವ ಕೋಣೆಗೆ ಹೋದ. ನನ್ನ ಕೈ ಸುಮ್ಮನಿರುವುದಿಲ್ಲ, ಅಡುಗೆಮನೆಯಿಂದ ಒಂದು ಮೊರ ಅಕ್ಕಿ ಕೇಳಿ ತಂದು ಜಗಲಿಯಲ್ಲಿ ಕೂತು ಕಲ್ಲು ಆರಿಸಿದೆ. ಕಿಟಕಿಯಿಂದ ಅವನ ಬೆನ್ನು ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಕಾಗದ ಹಿಡಿದುಕೊಂಡು ಹೊರಗೆ ಬಂದ. ಖಾಲಿ ಕಾಗದ.

"ಅವ್ವಾ, ಏನ್ ಬರೀಲಿ?"

ಹೇಳಲು ನನ್ನ ಹತ್ತಿರ ಎಷ್ಟಿತ್ತು! ಅಲ್ಲೇ ಕೂಡಿಸಿಕೊಂಡು ನಾಲ್ಕು ಪುಟ ಬರೆಸಬಲ್ಲವಳಾಗಿದ್ದೆ. ಮನೆಯಲ್ಲಿ ತೊಳೆದಿಟ್ಟ ತಾಟೂ ನೆನಪಾಯಿತು. ನಡಿ ಮನಿಗಿ ಹೋಗಾಮು ಅಂದರೂ ಅವನು ಬರುತ್ತಿದ್ದ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

"ನನಗ ಕೇಳಬ್ಯಾಡಪ್ಪ. ನನಗ ಅಕ್ಕಿ ಆರಸೋದದ."

ಅವನು ನಿಂತೇ ಇದ್ದ. ನಾನು ತಲೆ ಎತ್ತಲಿಲ್ಲ. ಆಮೇಲೆ ಹೆಜ್ಜೆಯ ಸದ್ದು ಒಳಗೆ ಹೋಯಿತು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದೆ.

ಮೂರೂವರೆಗೆ ಇನ್ನೂ ಸ್ವಲ್ಪ ಇರುವಾಗ ಕಾಗದ ಫಾದರ್ ಕೈಗೆ ಬಂತು. ಜಗಲಿಯಲ್ಲಿ ನಿಂತೇ ಓದಿದರು. ಇನ್ನೊಮ್ಮೆ ಮೊದಲಿನಿಂದ ಓದಿದರು. ರಾಜರತ್ನ ಗೋಡೆಗೆ ಆನಿಕೊಂಡು ನಿಂತಿದ್ದ, ಕಿವಿ ಕೆಂಪಾಗಿತ್ತು.

"ಹೋಗು, ಬ್ಯಾಗು ಬಿಚ್ಚು" ಅಂದರು ಫಾದರ್.

ಮಗ ಓಡಲಿಲ್ಲ, ಆದರೆ ಅವನು ನಡೆದದ್ದು ನಡಿಗೆಯೂ ಅಲ್ಲ.

"ಏನು ಬರದಾನ್ರಿ ಫಾದರ್?" ನನಗೆ ತಡೆಯಲಾಗಲಿಲ್ಲ.

"ಅದು ಅವನೇ ಹೇಳಬೇಕಮ್ಮಾ."

"ನನ್ನ ಹೆಸರು?"

"ಒಂದು ಕಡೆಯೂ ಇಲ್ಲ" ಎಂದರು, ನನಗೇನೋ ಬಹುಮಾನ ಕೊಡುವವರಂತೆ.

ಕಾಗದವನ್ನು ನನ್ನ ಕೈಗೆ ಕೊಟ್ಟರು. ತೆಲುಗು ಓದಲು ಬಾರದವಳೆಂದು ಗೊತ್ತಿದ್ದೇ ಕೊಟ್ಟರೋ ಏನೋ. ದುಂಡುದುಂಡಗಿನ ಅಕ್ಷರ, ಎಣಿಸಿದೆ, ಹದಿನೇಳು ಸಾಲು. ನಡುವೆ ಒಂದು ಕಡೆ ಯಾವುದೋ ಮಾತನ್ನು ಬರೆದು ಹೊಡೆದುಹಾಕಿದ್ದ. ಮತ್ತೆ ಬರೆದು ಮತ್ತೆ ಹೊಡೆದಿದ್ದ. ಮೂರನೆಯ ಸಲ ಬರೆದದ್ದನ್ನು ಹಾಗೇ ಬಿಟ್ಟಿದ್ದ. ಅದರ ಮೇಲೆ ಬೆರಳಾಡಿಸಿದೆ, ಹಾಳೆ ಅಲ್ಲಿ ತೆಳ್ಳಗಾಗಿತ್ತು.

ಗೇಟಿನವರೆಗೆ ಬಿಡಲು ಮಗ ಬಂದ. ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು.

"ರತ್ನ, ಹೊಡದು ಹೊಡದು ಬರದಿಯಲ್ಲ, ಆ ಮಾತು ಯಾವುದೋ?"

ಅವನು ನನ್ನ ಕೈಯಿಂದ ಖಾಲಿ ಚೀಲ ತೆಗೆದುಕೊಂಡು, ಮಡಚಿ, ನೀಟಾಗಿ ಮತ್ತೆ ನನ್ನ ಕಂಕುಳಿಗೆ ಸಿಕ್ಕಿಸಿದ.

"ಹೇಳಂಗಿಲ್ಲವ್ವ."

ಹತ್ತೊಂಬತ್ತು ವರ್ಷದಲ್ಲಿ ಅವನು ನನಗೆ ಹಾಗೆ ಅಂದದ್ದು ಅದೇ ಮೊದಲು. ಬಸ್ಸು ಬಂತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತೊಗರಿ ಹೊಲ ಮುಗಿದು ಊರು ಬರುವವರೆಗೂ ಆ ಮಾತು ಯಾವುದಿರಬಹುದೆಂದು ಒಂದೊಂದೇ ಮಾತನ್ನು ಆ ಜಾಗಕ್ಕೆ ಕೂಡಿಸಿ ನೋಡಿದೆ. ಯಾವುದೂ ಕೂಡಲಿಲ್ಲ.