ದ್ವಾದಶಿಯ ರಕ್ತಪರೀಕ್ಷೆ

ನನ್ನ ಗಂಡ ಮಧ್ವೇಶರಿಗೆ ಸಾಯುವ ಮನಸ್ಸಿಲ್ಲ. ಯಾರಿಗಿದೆ ಹೇಳಿ? ಆದರೆ ಇವರು ಮೌಂಟನ್ ವ್ಯೂ ಆಫೀಸಿನ ಗೆಳೆಯರ ಮಾತು ಕೇಳಿ ಅದಕ್ಕೊಂದು ಏರ್ಪಾಡನ್ನೇ ಮಾಡಿಕೊಂಡರು. ಸತ್ತ ಕೂಡಲೇ ಒಂದು ಕಂಪನಿಯವರು ಬಂದು ದೇಹವನ್ನು ಒಯ್ದು ಫ್ರೀಜ್ ಮಾಡಿಡುತ್ತಾರಂತೆ. ಮುಂದೆಂದೋ ಔಷಧಿ ಸಿಕ್ಕಾಗ ಎಬ್ಬಿಸುತ್ತಾರಂತೆ. ಖರ್ಚಿಗೆ ಜೀವವಿಮೆ. ವಿಮೆಯ ಹಣ ಹೆಂಡತಿಗಲ್ಲ, ಆ ಕಂಪನಿಗೆ!

"ನಿಂಗೂ ಒಂದು ಪಾಲಿಸಿ ಮಾಡ್ಸೋಣ ವಸು," ಎಂದರು.

"ಅಲ್ಲಾ ರೀ, ಫ್ರೀಜರಲ್ಲಿರೋರಿಗೆ ತಿಥಿ ಯಾವತ್ತು ಮಾಡೋದು?"

"ತಿಥಿ ಯಾಕೆ? ನಿದ್ದೆ ಮಾಡ್ತಿದೀನಿ ಅಂದ್ಕೊಂಡ್ರಾಯ್ತು."

ನಗು ಬಂತು, ಜೊತೆಗೆ ಸಂಕಟವೂ ಆಯಿತು. ಗುರುತು ಪರಿಚಯವಿಲ್ಲದ ಕಾಲದಲ್ಲಿ ಕಣ್ಣುಬಿಡುವ ಆಸೆ ನನಗೆ ಎಳ್ಳಷ್ಟೂ ಇಲ್ಲ. ಹಾಗೆಂದರೆ ಇವರ ಮುಖ ಬಾಡುತ್ತದೆ. ಸುಮ್ಮನೆ ಹೂಂಗುಟ್ಟಿದೆ.

ಒಂದು ಬೆಳಿಗ್ಗೆ ನಮ್ಮ ಸನ್ನಿವೇಲ್ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ನರ್ಸೊಬ್ಬಳು ಪ್ರತ್ಯಕ್ಷಳಾದಳು. ನನ್ನ ವಿಮೆಗೆ ನಾನು ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಂತೆ.

"ನಿನ್ನೆ ಏಕಾದಶಿ, ಹೇಗೂ ಉಪವಾಸ ಇದ್ಯಲ್ಲ! ಅದಕ್ಕೇ ಇವತ್ತಿಗೆ ಅಪಾಯಿಂಟ್ಮೆಂಟು ತಗೊಂಡೆ," ಎಂದು ಇವರು ಬೀಗಿದರು.

ಮಾಧ್ವರ ಮನೆಯಲ್ಲಿ ಹುಟ್ಟಿ ಏನು ಬಂತು ಭಾಗ್ಯ! ದ್ವಾದಶಿಯ ದಿನ ಬೆಳಕು ಹರಿಯುವ ಹೊತ್ತಿಗೇ ಪಾರಣೆ ಮಾಡಿ ಉಪವಾಸ ಬಿಡಬೇಕು ಎಂಬುದನ್ನೇ ಮಹಾರಾಯರು ಮರೆತಿದ್ದರು. ಇವರು ಗೊರಕೆ ಹೊಡೆಯುತ್ತಿದ್ದಾಗ ನಾನು ಅನ್ನ, ಸಾರು ಉಂಡು, ಹೆಸರುಬೇಳೆ ಪಾಯಸವನ್ನು ಎರಡು ಸಲ ಬಡಿಸಿಕೊಂಡಿದ್ದೆ.

ನನ್ನ ಊಟ ಆಗಿದೆ ಎಂದೆ. ನರ್ಸ್ ನಕ್ಕು, ಬೇರೆ ದಿನ ತಿಳಿಸಿ ಎಂದು ಹೊರಟುಹೋದಳು. ಇವರು ಆಗಲೇ ಫೋನು ತೆಗೆದು ದಿನ ಹುಡುಕತೊಡಗಿದರು. ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಕೆಟ್ಟೆ ಅನ್ನಿಸಿತು.

"ಬೇಡ ರೀ. ನಂಗೆ ಆ ಪಾಲಿಸಿ ಬೇಡ. ನಾನು ಹೋದ್ಮೇಲೆ ಸುಟ್ಬಿಡಿ, ಬೂದಿ ಕಾವೇರೀಲಿ ಬಿಟ್ಬಿಡಿ. ಇದೊಂದು ಜನ್ಮ ನಿಮ್ಮ ಜೊತೆ ಚೆನ್ನಾಗಿ ಕಳೆದ್ರೆ ನಂಗೆ ಸಾಕು."

ಇವರು ಫೋನು ಕೆಳಗಿಟ್ಟರು. "ಮತ್ತೆ ನಾನು ಎದ್ದಾಗ?"

"ನಾನಿರಲ್ಲ. ನಿಮ್ಮ ಪಾಲಿಸಿ ನೀವು ಇಟ್ಕೊಳ್ಳಿ, ನಂದೇನೂ ಅಡ್ಡಿಯಿಲ್ಲ."

ಇವರು ಎದ್ದು ಅಡುಗೆಮನೆಗೆ ಹೋಗಿ, ಉಳಿದ ಪಾಯಸವನ್ನು ಬಟ್ಟಲಿಗೆ ಸುರಿದುಕೊಂಡು, ನನ್ನ ಪಕ್ಕದಲ್ಲೇ ಬಂದು ಕೂತರು.

"ಹಾಗಾದ್ರೆ ನನ್ನೂ ಸುಟ್ಬಿಡು," ಎಂದರು.

ಮದುವೆಯಾದಾಗಿನಿಂದ ಇವರು ನನಗೆ ಇಷ್ಟು ಪ್ರೀತಿಯ ಮಾತು ಆಡಿದ್ದೇ ಇಲ್ಲ.