ಕೆರೆಗೆ ಬಿಟ್ಟ ಮೀನು

ಸಾವಳಗಿಯ ಆಚೆ ಮಹಾಲಿಂಗನದು ಎರಡು ಎಕರೆ ಹೊಲ. ವರ್ಷಗಟ್ಟಲೆ ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಅದು ಪೂರ್ತಿ ಸವಳಾಗಿ ಹೋಗಿತ್ತು. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಉಪ್ಪು ಏಳುತ್ತಿತ್ತು. ಅಪ್ಪ ಕುರಿ ಕಾಯ್ದವನು. ಮಗನಿಗೆ ಕುರಿಯ ಹಿಂದೆ ತಿರುಗುವುದು ಬೇಡವಾಗಿತ್ತು. ಜೆಸಿಬಿ ತರಿಸಿ ಹೊಲದ ನಡುವೆ ದೊಡ್ಡ ಹೊಂಡ ತೆಗೆಸಿದ. ಮಿರಜಿನ ಕಡೆಯ ಅಮೋಲ ಎಂಬ ವ್ಯಾಪಾರಿ ಟೆಂಪೊದಲ್ಲಿ ಮೀನಿನ ಮರಿ ತಂದು ಬಿಟ್ಟ.

"ದೇಸಿ ಜಾತೀನ ಐತ್ರಿ. ಎಂಥಾ ನೀರಿದ್ರೂ ಸಾಯಂಗಿಲ್ಲ, ಏನ ಹಾಕಿದ್ರೂ ತಿಂತೈತಿ," ಎಂದಿದ್ದ ಅಮೋಲ.

ತಿನ್ನುವ ಮಾತು ಖರೆಯಾಗಿತ್ತು. ಮಹಾಲಿಂಗ ಬೆಳಗ್ಗೆ ಜಮಖಂಡಿಯ ಕೋಳಿ ಅಂಗಡಿಗಳಿಗೆ ಹೋಗಿ, ಕರುಳು ಚರ್ಮ ಎಲ್ಲ ಕ್ಯಾನಿನಲ್ಲಿ ತುಂಬಿಕೊಂಡು ಬೈಕಿನ ಮೇಲೆ ತರುತ್ತಿದ್ದ. ಅದನ್ನು ಸುರಿದರೆ ಸಾಕು, ಹೊಂಡದ ನೀರು ಕುದ್ದಂತೆ ಕಾಣುತ್ತಿತ್ತು. ಐದಾರು ತಿಂಗಳಲ್ಲಿ ಮೀನು ಮೊಣಕೈ ಉದ್ದ ಬೆಳೆದವು. ಕಪ್ಪು ಮೈ, ಹುರುಪೆಯಿಲ್ಲ, ಬಾಯಿಯ ಸುತ್ತ ಮೀಸೆ. ಹೆಂಡತಿ ಯಲ್ಲಕ್ಕ ವಾಸನೆಗೆ ಸೆರಗು ಮೂಗಿಗೆ ಹಿಡಿದು ದೂರ ನಿಲ್ಲುತ್ತಿದ್ದಳು. ಅವನಿಗೆ ಮಾತ್ರ ಆ ಮೀನುಗಳ ಮೇಲೆ ಪ್ರೀತಿ. ದಂಡೆಯ ಮೇಲೆ ಅವನ ಹೆಜ್ಜೆ ಸಪ್ಪಳವಾದರೆ ಅವು ಒಟ್ಟಾಗಿ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು.

ಒಂದು ದಿನ ಮೀನುಗಾರಿಕೆ ಇಲಾಖೆಯವರು ಬಂದರು. ಸಾಹೇಬರು ಒಂದು ಮೀನು ಹಿಡಿಸಿ ಹೊರಳಿಸಿ ನೋಡಿದರು.

"ಯಾರ್ ಹೇಳಿದ್ರು ದೇಸಿ ಅಂತ? ಇದು ಆಫ್ರಿಕಾದ ಕ್ಯಾಟ್‌ಫಿಶ್. ಸಾಕೂದ ಬಂದ್ ಮಾಡೇತಿ ಸರ್ಕಾರ. ಕೆರಿಗೊ ಹೊಳಿಗೊ ಬಿದ್ರ ಬ್ಯಾರೆ ಮೀನ ಒಂದೂ ಉಳಸಂಗಿಲ್ಲ. ನಾಳೆ ಎಲ್ಲಾ ಕೊಂದು ಹುಗದ ಬಿಡೂಣು."

ಮಹಾಲಿಂಗ ಆಗಲಿ ಎಂದ. ಆದರೆ ಹೊತ್ತು ಇಳಿಯುವಾಗ ದಂಡೆಗೆ ಹೋಗಿ ನಿಂತ. ಮೀನುಗಳು ಎಂದಿನಂತೆ ಬಂದವು. ಅವನ ಮನಸ್ಸು ತಡೆಯಲಿಲ್ಲ. ಅಮೋಲ ಹೋದ ವಾರ ತಂದು ಬಿಟ್ಟಿದ್ದ ಹೊಸ ಮರಿಗಳಲ್ಲಿ ನಲವತ್ತನ್ನು ಬಕೆಟ್ಟಿಗೆ ಹಾಕಿಕೊಂಡು ಊರ ಕೆರೆಯ ದಾರಿ ಹಿಡಿದ.

"ಸಾಹೇಬ್ರು ಹೇಳಿದ್ದು ಕಿವಿಗೆ ಬೀಳಲಿಲ್ಲೇನ್ರಿ?" ಯಲ್ಲಕ್ಕ ಅಡ್ಡ ಬಂದಳು.

"ನಲವತ್ತ ಮರಿ. ಅಷ್ಟ ದೊಡ್ಡ ಕೆರಿಗೆ ಏನ ಆಕ್ಕೇತಿ?" ಎಂದ ಅವನು.

ಮರುದಿನ ಉಳಿದವನ್ನೆಲ್ಲ ಕೊಂದು, ತಗ್ಗು ತೋಡಿ ಸುಣ್ಣ ಹಾಕಿ ಮುಚ್ಚಿದರು. ಮಹಾಲಿಂಗ ತಾನೇ ಸಲಿಕೆ ಹಿಡಿದು ಮಣ್ಣು ಎಳೆದ. ನಲವತ್ತಾದರೂ ಉಳಿದವಲ್ಲ ಎಂದು ಒಳಗೊಳಗೇ ಸಮಾಧಾನ ಮಾಡಿಕೊಂಡ.

ಮೂರು ವರ್ಷ ಕಳೆಯಿತು. ಮುಧೋಳಕ್ಕೆ ಕೊಟ್ಟಿದ್ದ ಮಗಳು ರೇಷ್ಮಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಹೆರಿಗೆಯಾಯಿತು, ಎದೆಹಾಲು ಕಡಿಮೆ. ಊರಲ್ಲಿ ಹಾಲು ಹೆಚ್ಚಲೆಂದು ಬಾಣಂತಿಯರಿಗೆ ಕೆರೆಯ ಸಣ್ಣ ಮೀನು ಕೊಡುವುದು ರೂಢಿ. ಮುಳ್ಳು ಸಮೇತ ಬೇಯಿಸಿ, ಬಳ್ಳೊಳ್ಳಿ ಹಾಕಿ ಸಾರು ಮಾಡುತ್ತಾರೆ. ಆ ಮೀನು ಹಿಡಿದು ಮನೆಮನೆಗೆ ಕೊಡುತ್ತಿದ್ದವಳು ಸೋಮವ್ವ. ಗಂಡ ತೀರಿದ ಮೇಲೆ ಅವನ ಬಲೆಯನ್ನೇ ಹಿಡಿದು ಇಪ್ಪತ್ತು ವರ್ಷ ಆ ಕೆರೆಯ ಮೇಲೆ ಬದುಕಿದವಳು. ಯಲ್ಲಕ್ಕ ಗಂಡನನ್ನು ಅವಳಲ್ಲಿಗೆ ಕಳಿಸಿದಳು.

ಸೋಮವ್ವ ಅಂಗಳದಲ್ಲಿ ಈಳಿಗೆಯ ಮುಂದೆ ಕುಳಿತಿದ್ದಳು. ಮುಂದೆ ಒಂದೇ ಒಂದು ಮೀನು, ತೋಳಿನಷ್ಟು ಉದ್ದದ್ದು, ಕಪ್ಪಗೆ, ಮೀಸೆ ಬಿಟ್ಟುಕೊಂಡು ಬಿದ್ದಿತ್ತು.

"ಸಣ್ಣ ಮೀನ ಎಲ್ಲಿಂದ ತರ್ಲೋ ತಮ್ಮಾ? ಎರಡ ವರ್ಷ ಆತು, ಬಲಿಗೆ ಬೀಳೂದು ಬರೇ ಇದು. ಬಲೀನೂ ಹರೀತೈತಿ. ಇಲ್ಲಿ ನೋಡ."

ಅವಳು ಮೀನಿನ ಹೊಟ್ಟೆ ಸೀಳಿದಳು. ಒಳಗಿಂದ ಬೆರಳುದ್ದದ ಮೀನುಗಳು ಜಾರಿ ಬಿದ್ದವು. ಅರ್ಧ ಕರಗಿದ್ದವು. ಒಂದರ ಬೆಳ್ಳಿ ಬಣ್ಣ ಇನ್ನೂ ಹೋಗಿರಲಿಲ್ಲ.

"ನಿನ್ನ ಮಗಳ ಪಾಲಿಂದು ಇದರ ಹೊಟ್ಯಾಗ ಐತಿ. ಯಾವ ಪುಣ್ಯಾತ್ಮ ತಂದ ಬಿಟ್ಟಾನೊ," ಎಂದು ಅವಳು ಕೈ ತೊಳೆದುಕೊಂಡಳು.

ಮಹಾಲಿಂಗ ಬರಿಗೈಯಲ್ಲಿ ಮನೆಗೆ ಬಂದ. ಮೀನು ಸಿಗಲಿಲ್ಲ ಎಂದಷ್ಟೇ ಹೆಂಡತಿಗೆ ಹೇಳಿದ. ಯಲ್ಲಕ್ಕ ಅವನ ಮುಖ ನೋಡಿದಳು, ಮತ್ತೇನೂ ಕೇಳಲಿಲ್ಲ. ಅವಳು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಎಂಟು ದಿನ ಅನ್ನ ರುಚಿಸಲಿಲ್ಲ. ಒಂಬತ್ತನೆಯ ದಿನ ಸೋಮವ್ವನ ಕಟ್ಟೆಯ ಮೇಲೆ ಹೋಗಿ ಕುಳಿತು ಎಲ್ಲವನ್ನೂ ಹೇಳಿದ.

ಸೋಮವ್ವ ಹರಿದ ಬಲೆಯನ್ನು ಬದಿಗೆ ಸರಿಸಿದಳು. "ಗೊತ್ತಿಲ್ದ ಬಿಟ್ಟಿದ್ರ ಬ್ಯಾರೆ ಮಾತಾಗಿತ್ತು. ಗೊತ್ತಿದ್ದ ಬಿಟ್ಟಿ."

"ಜೀವ ತಗೋಳಾಕ ಮನಸ ಆಗ್ಲಿಲ್ಲ ಬೇ."

"ಕೆರ್‍ಯಾಗ ಇದ್ದೂವು ಜೀವ ಅಲ್ಲೇನು?"

ನನ್ನ ಹೊಂಡದಲ್ಲಿ ಈಗ ಕಾಟ್ಲಾ, ರೋಹು ಮೀನು ಬಿಟ್ಟಿದ್ದೇನೆ, ಅದರಲ್ಲಿ ಅರ್ಧ ನಿನ್ನದು ಎಂದ ಮಹಾಲಿಂಗ.

"ನಿನ್ನ ಹೊಂಡದ್ದು ನನಗ ಬ್ಯಾಡ. ನನಗ ನನ್ನ ಕೆರಿ ಇತ್ತು," ಎಂದು ಅವಳು ಒಳಗೆ ಹೋದಳು.

ಮಹಾಲಿಂಗ ಇಲಾಖೆಗೆ ಹೋಗಿ ತಾನು ಮಾಡಿದ್ದನ್ನು ಒಪ್ಪಿಕೊಂಡ. ಬೇಸಿಗೆಯಲ್ಲಿ ಕೆರೆ ಸೊರಗಿದಾಗ ಇಲಾಖೆಯವರೂ ಊರವರೂ ಸೇರಿ ಬಲೆ ಎಳೆದರು. ಮಹಾಲಿಂಗ ಸೊಂಟದ ತನಕ ಕೆಸರಿನಲ್ಲಿ ನಿಂತು ದಿನಗಟ್ಟಲೆ ಹಿಡಿದ. ಇನ್ನು ಮುಗಿಯಿತು ಎಂದುಕೊಂಡರು. ಆದರೆ ಎಷ್ಟೋ ಮೀನು ಕೆಸರಿನೊಳಗೆ ಹುದುಗಿ ಉಳಿದಿದ್ದವು. ಮುಂಗಾರಿನ ಹೊಸ ನೀರು ಬಂದ ಹದಿನೈದು ದಿನಕ್ಕೆ ದಂಡೆಯ ಹುಲ್ಲಿನಲ್ಲಿ ಕಪ್ಪು ಮರಿಗಳ ಹಿಂಡು ಕಂಡಿತು.

ಸೋಮವ್ವ ಬಲೆಯನ್ನು ಹೊಳೆ ದಂಡೆಯ ಊರಿನವರಿಗೆ ಕೊಟ್ಟುಬಿಟ್ಟಳು. ಬಾಡಗಂಡಿಯ ಕಡೆ ಕಬ್ಬಿನ ಕೆಲಸಕ್ಕೆ ಹೋಗತೊಡಗಿದಳು. ಒಂದು ಬೆಳಗ್ಗೆ ಬಸ್ಸಿಗೆ ನಿಂತಿದ್ದಾಗ ಮಹಾಲಿಂಗ ಎದುರಾದ. ಮುಖ ತಪ್ಪಿಸಿ ಹೋಗಬೇಕೆಂದಿದ್ದ, ಅವಳೇ ಕರೆದಳು.

"ಕೂಸ ಹೆಂಗೈತೋ?"

"ಆರಾಮ ಐತಿ ಬೇ. ಡಬ್ಬಿ ಹಾಲ ಕುಡೀತೈತಿ."

"ಹೂಂ," ಎಂದಳು ಸೋಮವ್ವ. ಬಸ್ಸು ಬಂತು. ಅವಳು ಬುತ್ತಿಯ ಗಂಟನ್ನು ಎದೆಗೆ ಅವಚಿಕೊಂಡು ಹತ್ತಿದಳು.