ದಯವಿಟ್ಟು ದಾರಿ ಬಿಡಬೇಡಿ

ಈ ಊರಿನ ಅರ್ಧ ಜನ ಮೇಲೆ ಹೋಗುವುದೂ ಮತ್ತೆ ಕೆಳಗೆ ಬರುವುದೂ ನನ್ನ ಕೈಯಲ್ಲಿದೆ. ನಾನು ಲಿಫ್ಟ್ ಮೆಕ್ಯಾನಿಕ್. ಕೆಟ್ಟು ನಿಂತ ಲಿಫ್ಟು ನನ್ನ ಸ್ಪ್ಯಾನರಿನ ಸದ್ದು ಕೇಳಿದರೆ ಸಾಕು, ತಾನಾಗಿ ಬಾಗಿಲು ತೆರೆದು ತಲೆ ತಗ್ಗಿಸುತ್ತದೆ. ಅಂಥವನು ಒಂದು ಕ್ಯೂ ಮುಂದೆ ಸೋತ ಕಥೆ ಇದು. ಸೋತೆ ಎನ್ನುವುದು ಭಾವನ ಮಾತು. ನಾನು ಒಪ್ಪಿಲ್ಲ.

ಅಕ್ಕನ ಮಗಳಿಗೆ ಒಂಬತ್ತು ವರ್ಷ. ಮನೆಯಲ್ಲಿ ಎಲ್ಲರೂ ಅವಳನ್ನು ಮೇಡಮ್ ಎನ್ನುತ್ತೇವೆ. ಬಾಗಿಲಲ್ಲಿ ಚಪ್ಪಲಿಗಳು ನೇರವಾಗಿ ಇಲ್ಲದಿದ್ದರೆ ಅವಳೂ ಒಳಗೆ ಬರುವುದಿಲ್ಲ, ಬೇರೆಯವರನ್ನೂ ಬಿಡುವುದಿಲ್ಲ. ಆಟಿಸಮ್ ಎಂದು ಡಾಕ್ಟರು ಹೇಳಿದಾಗ ಅವಳಿಗೆ ಮೂರು ತುಂಬಿತ್ತು. ಮಾತು ಕಡಿಮೆ, ಆದರೆ ಆಡಿದ ಒಂದು ಮಾತೂ ದಂಡವಲ್ಲ. ಅವಳ ಪಾಲಿನ ಉಳಿದ ಮಾತೆಲ್ಲ ನನ್ನ ಬಾಯಿಗೆ ಬಂದು ಸೇರಿದೆ ಎಂದು ಅಕ್ಕ ಹೇಳುತ್ತಾಳೆ. ಇದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೇನೆ.

ಹೋದ ವರ್ಷ ರಜೆಗೆಂದು ಅವರು ಮೂವರೂ ಒಂದು ದೊಡ್ಡ ಪಾರ್ಕಿಗೆ ಹೋಗಿದ್ದರು. ಜೈಂಟ್ ವೀಲಿನ ಒಂದು ಪೆಟ್ಟಿಗೆಯಲ್ಲಿ ಮಗಳ ಜೊತೆ ಕೂತು ಒಂದು ಸುತ್ತು ಸುತ್ತಬೇಕು ಎನ್ನುವುದು ಅಕ್ಕನ ಆಸೆ. ಅಕ್ಕ ಆಸ್ಪತ್ರೆಯಲ್ಲಿ ನರ್ಸ್. ಊರಿನವರ ಆಸೆಗಳನ್ನೆಲ್ಲ ಕೇಳಿಸಿಕೊಂಡು ಬರುವವಳಿಗೆ ತನ್ನದು ಅಂತ ಇದ್ದದ್ದು ಇದೊಂದೇ. ಆದರೆ ಕ್ಯೂನಲ್ಲಿ ಯಾರದೋ ಬೆನ್ನು ತಾಗಿ, ಯಾರದೋ ಮಗು ಕಿರುಚಿ, ಮೇಡಮ್ ಕಿವಿ ಮುಚ್ಚಿಕೊಂಡು ನೆಲದ ಮೇಲೆ ಮಲಗಿಬಿಟ್ಟಳು. ಜನ ಸುತ್ತ ನಿಂತು ನೋಡಿದರು. ಮೂವರೂ ವೀಲ್ ಹತ್ತದೆ ವಾಪಸಾದರು.

ಭಾವ ಕನ್ನಡಕದ ಅಂಗಡಿಯವರು. ಎಲ್ಲರಿಗೂ ದೂರದ್ದು ಕಾಣುವಂತೆ ಮಾಡಿ ತಾವು ಹತ್ತಿರದ್ದನ್ನು ಮಾತ್ರ ನೋಡುವ ಮನುಷ್ಯ. ಈ ವರ್ಷ ಅವರು ಕಡ್ಡಿ ಮುರಿದ ಹಾಗೆ ಹೇಳಿದರು: "ಇದೊಂದು ಸಲ. ಈ ಸಲಾನೂ ಹತ್ತದೆ ವಾಪಸ್ ಬಂದ್ವಿ ಅಂದ್ರೆ, ಇನ್ಮೇಲೆ ರಜಾ ಅಂದ್ರೆ ಮನೆ."

ಅಕ್ಕ ನನ್ನನ್ನು ನೋಡಿದಳು. ನಾನು ಎದ್ದು ನಿಂತೆ. ಇತಿಹಾಸದಲ್ಲಿ ಇಂಥ ಗಳಿಗೆಯಲ್ಲಿ ಯಾರಾದರೂ ಎದ್ದು ನಿಲ್ಲಲೇಬೇಕಾಗುತ್ತದೆ.

ನನ್ನ ಯೋಜನೆ ಸರಳವಾಗಿತ್ತು. ಜೈಂಟ್ ವೀಲ್ ಅಂದರೆ ದುಂಡಗಿನ ಲಿಫ್ಟು, ಅಷ್ಟೆ. ಅಕ್ಕನ ಅಪಾರ್ಟ್‌ಮೆಂಟಿನ ಲಿಫ್ಟು ನನ್ನದೇ ಸುಪರ್ದಿಯಲ್ಲಿದೆ. ಅದರ ಮುಂದಿನ ಪಡಸಾಲೆಯಲ್ಲಿ, 'ಲಿಫ್ಟ್ ಕೆಟ್ಟಿದೆ' ಎಂಬ ಬೋರ್ಡಿನ ಕಂಬಗಳಿಗೆ ಹಗ್ಗ ಕಟ್ಟಿ, ಹಾವು ಹರಿದ ಹಾಗೆ ಒಂದು ಕ್ಯೂ ಮಾಡಿದೆ. ಸಂಜೆಯಾದರೆ ಮೇಡಮ್, ಅಕ್ಕ, ಭಾವ ಅದರಲ್ಲಿ ನಿಲ್ಲಬೇಕು. ಲಿಫ್ಟಿನ ಬಾಗಿಲಲ್ಲಿ ನಿಂತು ನಾನು "ಎಷ್ಟು ಜನ?" ಎಂದು ಕೇಳಬೇಕು. ಮೇಡಮ್ "ನಾಲ್ಕು" ಅನ್ನಬೇಕು. ನನ್ನನ್ನೂ ಸೇರಿಸಿಕೊಂಡು ಒಳಗೆ ಹೋಗಿ, ಮೇಲೆ ಹೋಗಿ, ಕೆಳಗೆ ಬರಬೇಕು.

ಮೊದಲ ವಾರ ಅವಳು ಹಗ್ಗದ ಹತ್ತಿರವೂ ಸುಳಿಯಲಿಲ್ಲ. ಆಗ ನಾನು ಮಹಾಮಂತ್ರದಂಥ ಒಂದು ನಿಯಮ ತಂದೆ: ಮಧ್ಯ ನುಗ್ಗಿದವರು ಹಿಂದೆ, ಅಂದರೆ ಕ್ಯೂನ ಕೊನೆಗೆ. ಅದನ್ನು ಕೇಳಿದ್ದೇ ತಡ, ಅವಳ ಮುಖ ಅರಳಿತು. ಈ ಲೋಕದಲ್ಲಿ ಯಾವುದೋ ಒಂದಾದರೂ ನ್ಯಾಯವಾಗಿ ನಡೆಯುತ್ತದೆ ಎಂದು ಅವಳಿಗೆ ಅವತ್ತೇ ಗೊತ್ತಾದ ಹಾಗಿತ್ತು. ಅಲ್ಲಿಂದ ಮುಂದೆ ಆ ಕಟ್ಟಡದಲ್ಲಿ ಕ್ಯೂನಲ್ಲಿ ನಿಲ್ಲದೆ ಒಂದು ನೊಣವೂ ಲಿಫ್ಟು ಹತ್ತಲಿಲ್ಲ. ಪಕ್ಕದ ಮನೆ ಆಂಟಿ ತರಕಾರಿ ಚೀಲ ಹಿಡಿದುಕೊಂಡು ನಿಂತರು. ಅಪಾರ್ಟ್‌ಮೆಂಟಿನ ಸೆಕ್ರೆಟರಿ ಫೋನಿನಲ್ಲಿ ಮಾತಾಡುತ್ತ ಹಗ್ಗ ದಾಟಿದ್ದಕ್ಕೆ ಮೇಡಮ್ ಬೆರಳು ತೋರಿಸಿ "ಹಿಂದೆ" ಅಂದಳು. ಆತ ಹಿಂದೆ ಹೋದ. ನಾಲ್ಕನೇ ಮಹಡಿಯವರು ಮೆಟ್ಟಿಲು ಹತ್ತಿ ಹತ್ತಿ ಎಲುಬಿನ ಹಂದರವಾದರು ಎಂದು ಕೇಳಿದ್ದೇನೆ.

ಹೀಗೆ ತಯಾರಾಗಿ ಪಾರ್ಕಿಗೆ ಹೋದೆವು. ಅದು ಎಷ್ಟು ದೊಡ್ಡದೆಂದರೆ ಒಂದು ತುದಿಯಲ್ಲಿ ಐಸ್‌ಕ್ರೀಮ್ ಕೊಂಡವರು ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಬರೀ ಕಡ್ಡಿ ಹಿಡಿದಿರುತ್ತಾರೆ. ಟಿಕೆಟ್ ಕೌಂಟರಿನ ಹುಡುಗಿ ಮೇಡಮ್ಮನ್ನು ನೋಡಿದಳು, ಅಕ್ಕ ತೋರಿಸಿದ ಮಗಳ ಆಸ್ಪತ್ರೆ ಕಾರ್ಡು ನೋಡಿದಳು, ನಗುತ್ತ ನಾಲ್ಕು ಜನರ ಕೈಗೂ ಹಳದಿ ಪಟ್ಟಿ ಕಟ್ಟಿದಳು. ಇಂಥ ಮಕ್ಕಳಿರುವ ಮನೆಯವರು ಈ ವರ್ಷದಿಂದ ಎಲ್ಲಿಯೂ ಕ್ಯೂ ನಿಲ್ಲಬೇಕಿಲ್ಲವಂತೆ. ಪಕ್ಕದ ಗೇಟಿನಿಂದ ನೇರವಾಗಿ ಒಳಗೆ ಹೋಗಬಹುದಂತೆ.

ಅಕ್ಕನ ಕಣ್ಣು ತುಂಬಿ ಬಂತು. ಭಾವ ಜೀವನದಲ್ಲಿ ಮೊದಲ ಸಲ ಅಪರಿಚಿತರೊಬ್ಬರಿಗೆ ಎರಡು ಸಲ ಥ್ಯಾಂಕ್ಸ್ ಹೇಳಿದರು. ಹಳದಿ ಪಟ್ಟಿಯ ಕೈಯನ್ನು ಮಂತ್ರಿಯ ಹಾಗೆ ಎತ್ತಿಕೊಂಡು ಪಕ್ಕದ ಗೇಟು ದಾಟಿದವನು ನಾನೇ ಮೊದಲು.

ಮೇಡಮ್ ದಾಟಲಿಲ್ಲ. ಬಿಸಿಲಲ್ಲಿ ನಿಂತಿದ್ದ ಮುನ್ನೂರು ಜನರನ್ನು ನೋಡಿದಳು. ಅವರೆಲ್ಲರನ್ನೂ ಬಿಟ್ಟು ಮುಂದೆ ನುಗ್ಗಿದ್ದ ನನ್ನನ್ನು ನೋಡಿದಳು. "ಹಿಂದೆ" ಅಂದಳು.

ನಾನು ಹಳದಿ ಪಟ್ಟಿಯ ಮಹಿಮೆಯನ್ನು ಐದಾರು ಬಗೆಯಲ್ಲಿ ವಿವರಿಸಿದೆ. ಅವಳು ಕಿವಿ ಮುಚ್ಚಿಕೊಂಡಳು. ಮೊಣಕಾಲು ಬಗ್ಗತೊಡಗಿತು. ಹೋದ ವರ್ಷ ನೆಲಕ್ಕೆ ಬೀಳುವ ಮೊದಲೂ ಹೀಗೆಯೇ ಬಗ್ಗಿತ್ತಂತೆ. ಭಾವ ಜೇಬಿನಿಂದ ಕಾರಿನ ಕೀ ತೆಗೆದು ಅಂಗೈಯಲ್ಲಿ ಹಿಡಿದುಕೊಂಡರು.

"ನೀನೇ ಕಲ್ಸಿದ್ದಲ್ವೇನೋ?" ಅಂದಳು ಅಕ್ಕ. "ನಡಿ ಹಿಂದೆ."

ಮಾಡಿದ್ದುಣ್ಣೋ ಮಹಾರಾಯ. ನಾಲ್ವರೂ ಹೋಗಿ ಕ್ಯೂನ ಕೊನೆಯಲ್ಲಿ ನಿಂತೆವು. ಮೇಡಮ್ಮನ ಕೈಗಳು ಕಿವಿಯಿಂದ ಇಳಿದವು. ಮುಂದಿನವರಿಗೂ ತನಗೂ ನಡುವೆ ಒಂದು ಗೇಣು ಜಾಗ ಬಿಟ್ಟು, ಕಂಬದ ಹಾಗೆ ನೆಟ್ಟಗೆ ನಿಂತಳು. ಯಾರದೋ ಮಗು ಕಿರುಚಿತು. ಅವಳು ಕದಲಲಿಲ್ಲ. ಇಂಥ ಶಿಸ್ತು ಸೈನ್ಯದಲ್ಲೂ ಇರಲಾರದು.

ಕ್ಯೂ ಬಸವನಹುಳುವಿನ ಹಾಗೆ ತೆವಳಿ ಕಾಲುಭಾಗ ಮುಗಿದಿತ್ತು. ಅಷ್ಟರಲ್ಲಿ ಮುಂದಿದ್ದ ಒಬ್ಬ ದಢೂತಿ ಮನುಷ್ಯ ಹಿಂದೆ ತಿರುಗಿ ನಮ್ಮ ಪಟ್ಟಿಗಳನ್ನು ನೋಡಿದ. ಅವನ ಮನಸ್ಸು ಬೆಣ್ಣೆಯಂಥದ್ದು ಎಂದು ಮುಖದಲ್ಲೇ ಬರೆದಿತ್ತು. ತನ್ನ ಹೆಂಡತಿ ಮಕ್ಕಳನ್ನೆಲ್ಲ ಪಕ್ಕಕ್ಕೆ ಸರಿಸಿ, ನೀವು ಮುಂದೆ ಹೋಗಿ ಅಂದ. ಒಬ್ಬರನ್ನು ನೋಡಿ ಇನ್ನೊಬ್ಬರು ಸರಿದರು. ಸಮುದ್ರ ಸೀಳಿ ದಾರಿ ಬಿಟ್ಟ ಹಾಗಾಯಿತು. ಹಿಂದಿನಿಂದ ನೂಕು ಬಂದು ನಾಲ್ವರೂ ಏಳೆಂಟು ಹೆಜ್ಜೆ ಮುಂದೆ ಹೋಗಿಬಿಟ್ಟೆವು.

"ಹಿಂದೆ" ಅಂದಳು ಮೇಡಮ್. ಅಕ್ಕನ ಸೆರಗು ಹಿಡಿದು ಕೊನೆಗೆ ನಡೆದಳು.

ಎರಡನೇ ಸಲ ಅರ್ಧದಷ್ಟು ದೂರ ಬಂದಿದ್ದೆವು. ಪಾರ್ಕಿನ ಸಮವಸ್ತ್ರ ತೊಟ್ಟ ಹೆಂಗಸೊಬ್ಬಳು ಓಡಿ ಬಂದು, ಅಯ್ಯೋ ನೀವು ಇಲ್ಲಿ ನಿಲ್ಲೋದಾ ಎಂದು ಹಗ್ಗ ಬಿಚ್ಚಿ ಕೈ ಹಿಡಿದು ಮುಂದಕ್ಕೆ ಕರೆದುಕೊಂಡು ಹೋದಳು. ಮತ್ತೆ ಕೊನೆಗೆ. ನಲವತ್ತು ವರ್ಷದಿಂದ ಮನುಷ್ಯರಲ್ಲಿ ಒಳ್ಳೆಯತನ ಹುಡುಕುತ್ತಿದ್ದೇನೆ. ಅದು ಒಂದೇ ದಿನ, ಒಂದೇ ಕ್ಯೂನಲ್ಲಿ, ಹೀಗೆ ಉಕ್ಕಿ ಹರಿಯಬಾರದಿತ್ತು.

ಬಿಸಿಲು ಇಳಿಯುತ್ತಿತ್ತು. ಕತ್ತಲಾದರೆ ವೀಲ್ ನಿಲ್ಲುತ್ತದೆ ಎಂದು ಮೈಕಿನಲ್ಲಿ ಹೇಳಿದರು. ಭಾವ ಕೀಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಅಂಗೈಯಲ್ಲಿ ಇನ್ನೊಂದು ಕೀ ಮೂಡಿತ್ತು. "ಸಾಕು ಕಣೇ, ಹೋಗೋಣ" ಅಂದರು. ಅಕ್ಕ ನಮ್ಮೆಲ್ಲರ ಅಂಗಿಯ ತೋಳು ಕೆಳಗೆಳೆದು, ತನ್ನ ಕೈಗೆ ಸೆರಗು ಸುತ್ತಿ, ಹಳದಿ ಪಟ್ಟಿ ಮುಚ್ಚಿದಳು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಬಾಯಿ ಇರೋದು ಇನ್ಯಾತಕ್ಕೆ? ಹೋಗಿ ಹೇಳು ಅವರಿಗೆ" ಅಂದಳು.

ಹೋದೆ. ಹಗ್ಗದ ಕೆಳಗೆ ನುಸುಳಿ, ಗೇಟಿನ ತನಕ ಒಬ್ಬೊಬ್ಬರ ಬಳಿಯೂ ನಿಂತು, ದಯವಿಟ್ಟು ನಮಗೆ ದಾರಿ ಬಿಡಬೇಡಿ, ಕೈ ಮುಗಿಯುತ್ತೇನೆ, ಕನಿಕರ ತೋರಿಸಬೇಡಿ ಎಂದು ಬೇಡಿದೆ. ಭಿಕ್ಷೆ ಬೇಡುವುದು ಸುಲಭ, ಬೇಡ ಎಂದು ಬೇಡುವುದು ಬಹಳ ಕಷ್ಟ. ಕೆಲವರು ನಾನೇನೋ ಮಾರಲು ಬಂದಿದ್ದೇನೆ ಎಂದುಕೊಂಡು ಮುಖ ತಿರುಗಿಸಿದರು. ಒಬ್ಬರು ಅಜ್ಜಿ ಮಾತ್ರ ಪೂರ್ತಿ ಕೇಳಿಸಿಕೊಂಡರು.

"ನಾನ್ಯಾಕಪ್ಪ ದಾರಿ ಬಿಡ್ಲಿ? ಬೆಳಗ್ಗಿಂದ ನಿಂತಿದೀನಿ" ಅಂದರು.

ಅವರ ಕಾಲಿಗೆ ಬಿದ್ದು, ಅಲ್ಲಿಂದ ಬಂದು, ಮತ್ತೆ ಹಗ್ಗದ ಕೆಳಗೆ ನುಸುಳಿ ಅಕ್ಕನ ಪಕ್ಕ ನಿಂತೆ. ಚಪ್ಪಲಿ ಸೊಟ್ಟಗಿದ್ದಾಗ ನೋಡುವ ಹಾಗೆ ಮೇಡಮ್ ನನ್ನನ್ನು ಬಹಳ ಹೊತ್ತು ನೋಡಿದಳು. ಮೆಚ್ಚಿಗೆ ಎಂದುಕೊಂಡೆ.

ಆಮೇಲೆ ಯಾರೂ ನಮ್ಮ ಮೇಲೆ ಕನಿಕರ ತೋರಿಸಲಿಲ್ಲ. ಅಷ್ಟರಲ್ಲಿ ಗೇಟಿನ ಹತ್ತಿರ ತಲುಪಿದ್ದ ದಢೂತಿ ಮನುಷ್ಯ ಎರಡೂ ಕೈ ಕಟ್ಟಿಕೊಂಡು, ತಿರುಗಿ ನೋಡಬಾರದೆಂದು ಕತ್ತು ಬಿಗಿಹಿಡಿದು ಒದ್ದಾಡುತ್ತಿದ್ದ. ಪಾಪ, ಅವನ ಕಷ್ಟ ಯಾರಿಗೂ ಬೇಡ. ಹೆಜ್ಜೆ ಹೆಜ್ಜೆಗೂ ಒಂದು ಗೇಣು ಜಾಗ ಬಿಟ್ಟು ಮೇಡಮ್ ನಮ್ಮನ್ನು ಗೇಟಿಗೆ ತಂದಳು. ಆಕಾಶ ಇನ್ನೂ ಕೆಂಪಗಿತ್ತು.

ಗೇಟಿನವನು ಬಾಗಿಲ ಮೇಲೆ ಕೈ ಇಟ್ಟು, ನಾನು ಕಲಿಸಿದ ಹಾಗೆಯೇ ಕೇಳಿದ: "ಎಷ್ಟು ಜನ?"

"ಮೂರು" ಅಂದಳು ಮೇಡಮ್.

ನಾನು ನಕ್ಕು, ನಾಲ್ಕು ಕಣಮ್ಮ ಎಂದು ತಿದ್ದಿದೆ.

ಅವಳು ನನ್ನ ಎದೆಯ ಕಡೆ ಬೆರಳು ತೋರಿಸಿ, ಆಮೇಲೆ ಅದೇ ಬೆರಳನ್ನು ದೂರದ ಕೊನೆಯ ಕಡೆ ತಿರುಗಿಸಿದಳು. "ಮಾವ ನುಗ್ಗಿದ್ರು. ಮಾವ ಹಿಂದೆ."

ಆರು ತಿಂಗಳಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದು. ಹಗ್ಗದ ಕೆಳಗೆ ನಾನು ಎರಡು ಸಲ ನುಸುಳಿದ್ದು ನಿಜ. ಗುರುವಿಗೇ ತಿರುಮಂತ್ರ. ನಾನು ಅಕ್ಕನ ಮುಖ ನೋಡಿದೆ. ಅವಳು ಮಗಳ ಮುಖ ನೋಡುತ್ತಿದ್ದಳು. ಭಾವ ಮಾತ್ರ ಬಹಳ ಗಂಭೀರವಾಗಿ, "ನಿಯಮ ನಿಯಮಾನೇ ಅಲ್ವಾ" ಅಂದರು.

ಹೋಗಿ ಕೊನೆಯಲ್ಲಿ ನಿಂತೆ.

ಅಲ್ಲಿಂದ ವೀಲ್ ಚೆನ್ನಾಗಿ ಕಾಣುತ್ತಿತ್ತು. ಅವರ ಪೆಟ್ಟಿಗೆ ತುತ್ತತುದಿಗೆ ಹೋದಾಗ ಅಕ್ಕ ಊರನ್ನಾಗಲಿ ಆಕಾಶವನ್ನಾಗಲಿ ನೋಡಲಿಲ್ಲ, ಮಗಳನ್ನು ನೋಡಿದಳು. ಮಗಳು ಗಾಜಿಗೆ ಹಣೆ ಒತ್ತಿ ಕೆಳಗೆ ಕ್ಯೂ ನೋಡುತ್ತಿದ್ದಳು. ಅಷ್ಟು ಮೇಲಿನಿಂದ ಅದು ಬಹಳ ಚೆಂದ ಕಂಡಿರಬೇಕು. ಅವಳು ನಗುತ್ತಿದ್ದಳು. ನನ್ನ ಕಣ್ಣು ಹದ್ದಿನ ಕಣ್ಣು, ಇದೆಲ್ಲ ನನಗೆ ಸ್ಪಷ್ಟವಾಗಿ ಕಂಡಿತು. ನನ್ನ ಕಣ್ಣು ಪರೀಕ್ಷೆ ಮಾಡುವ ಭಾವ ಇದನ್ನು ಒಪ್ಪುವುದಿಲ್ಲ.

ಕೆಳಗಿಳಿದ ಮೇಲೆ ಅವರು ಕಾರಿನ ಕಡೆ ಹೋಗುತ್ತಾರೆ ಎಂದುಕೊಂಡಿದ್ದೆ. ಮೇಡಮ್ ಹಗ್ಗದ ಉದ್ದಕ್ಕೂ ನಡೆದು ನನ್ನ ಹಿಂದೆ ಬಂದು ನಿಂತಳು, ಒಂದು ಗೇಣು ಜಾಗ ಬಿಟ್ಟು. ಅವಳ ಹಿಂದೆ ಅಕ್ಕ. ಅಕ್ಕನ ಹಿಂದೆ ಭಾವ ಬಂದು, ಕೀಯನ್ನು ಜೇಬಿಗೆ ಹಾಕಿ, ಬರುವ ವರ್ಷ ಟೋಪಿ ತರಬೇಕು, ಬಿಸಿಲು ಜಾಸ್ತಿ ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದರು.

ಎಲ್ಲ ನನ್ನ ಯೋಜನೆಯ ಪ್ರಕಾರವೇ ನಡೆದಿದೆ ಎಂದು ವಿವರಿಸಲು ನಾನು ಹಿಂದೆ ತಿರುಗಿದೆ. ಮೇಡಮ್ ನನ್ನ ಹೊಟ್ಟೆಗೆ ಬೆರಳಿಟ್ಟು ತಳ್ಳಿದಳು.

"ಮಾವ, ಮುಂದೆ."